ಸೈಕಲ್ ತುಳಿಯುವುದು ಹೆಚ್ಚು ಅಪಾಯವೋ, ಮನೆಯಲ್ಲಿ ಬಂದೂಕು ಇಡುವುದೋ?

ಎರಡು_ಚಕ್ರ

ನಾನು ಕೆಲಸಕ್ಕೆ ಸೈಕಲ್‌ನಲ್ಲೇ ಹೋಗುವವನು. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಲೈಸೆನ್ಸ್ ಇರುವ ಪಿಸ್ತೂಲು ಇದೆ. ಮೊನ್ನೆ ಮಾತಿಗೆ ಮಾತು ಬೆಳೆದು ಅವರು ಕೇಳಿದರು: "ನೀನು ಲಾರಿಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಹೋಗ್ತೀಯ. ನನ್ನ ಪಿಸ್ತೂಲು ಬೀರುವಿನಲ್ಲಿ ಸುಮ್ಮನೆ ಇರುತ್ತೆ. ಹೆಂಡತಿ ಮಕ್ಕಳ ಬಗ್ಗೆ ಯೋಚನೆ ಇರೋದು ಯಾರಿಗೆ?"

ಅಲ್ಲೇ ಉತ್ತರ ಕೊಡಲಿಲ್ಲ. ಇದು ಕೋಪದಲ್ಲಿ ಉತ್ತರಿಸುವ ಪ್ರಶ್ನೆಯಲ್ಲ. ರಸ್ತೆಯಲ್ಲಿ ಸೈಕಲ್ ಸವಾರರು ಸಾಯುತ್ತಾರೆ ಎಂಬುದು ನಿಜ. ಬಹುಪಾಲು ಬಂದೂಕುಗಳಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬುದೂ ನಿಜ. ಹಾಗಿದ್ದಾಗ ಇವೆರಡರಲ್ಲಿ ಯಾವುದು ನಮಗೆ, ನಮ್ಮ ಮನೆಯವರಿಗೆ, ನಮ್ಮನ್ನು ಕಂಡೇ ಇರದ ದಾರಿಹೋಕರಿಗೆ ಹೆಚ್ಚು ದುಬಾರಿ? ಬಂದೂಕು ಇಟ್ಟುಕೊಂಡವರೂ ದಯವಿಟ್ಟು ಬರೆಯಿರಿ.

ಅಂಕಿ_ಅಂಶ

ಎರಡೂ ಇರುವ, ಎರಡರ ಲೆಕ್ಕವನ್ನೂ ಇಟ್ಟಿರುವ ದೇಶ ಅಮೆರಿಕ. ಅಲ್ಲಿಂದಲೇ ಶುರು ಮಾಡೋಣ. 2022ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ ಸೈಕಲ್ ಸವಾರರು 1,105. ಅದೇ ವರ್ಷ ಗುಂಡೇಟಿನಿಂದ ಸತ್ತವರು 48,204. ಅದರಲ್ಲಿ 27,032 ಆತ್ಮಹತ್ಯೆ, 19,651 ಕೊಲೆ.

ಇಷ್ಟು ನೋಡಿ ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯ ಪ್ರಕಾರ ಅಲ್ಲಿನ ವಯಸ್ಕರಲ್ಲಿ ನೂರಕ್ಕೆ 32 ಮಂದಿಯ ಬಳಿ ಬಂದೂಕಿದೆ. ದಿನನಿತ್ಯ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರು ನೂರಕ್ಕೆ ಒಬ್ಬರೂ ಇಲ್ಲ. ಅಂದರೆ ಭಾಜಕದಲ್ಲಿ ಏನು ಹಾಕುತ್ತೇವೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಗಂಟೆಗೆ ಇಷ್ಟು ಸಾವು ಎಂದು ಎಣಿಸಿದರೆ ಸಹೋದ್ಯೋಗಿ ಗೆಲ್ಲಬಹುದು: ಬಂದೂಕು ದಿನಕ್ಕೆ 24 ಗಂಟೆ "ಬಳಕೆಯಲ್ಲಿ" ಇರುತ್ತದೆ, ಸೈಕಲ್ ಒಂದೋ ಎರಡೋ ಗಂಟೆ. ಆದರೆ ಯಾರೂ ಗಂಟೆಗಿಷ್ಟು ಅಂತ ಬಂದೂಕು ಇಟ್ಟುಕೊಳ್ಳುವುದಿಲ್ಲ. ವರ್ಷಗಟ್ಟಲೆ, ಒಂದು ಮನೆಗೆ ಅಂತ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಒಂದು ಮನೆ, ಒಂದು ವರ್ಷ ಎಂಬ ಅಳತೆಯೇ ಸರಿ.

ಆ ಅಳತೆಯಲ್ಲಿ ಸೈಕಲ್‌ಗೆ ಇನ್ನೊಂದು ಪುಟವಿದೆ, ಜಮೆಯ ಪುಟ. ಬ್ರಿಟನ್ನಿನಲ್ಲಿ ಜನರ ಆರೋಗ್ಯದ ಮಾಹಿತಿ ಕೂಡಿಡುವ ಯುಕೆ ಬಯೋಬ್ಯಾಂಕ್‌ನ ಸುಮಾರು 2,63,000 ಜನರ ಮಾಹಿತಿ ಆಧರಿಸಿ 2017ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರ ಸಾವಿನ ಪ್ರಮಾಣ ಕಾರು, ಬಸ್ಸು, ರೈಲಿನಲ್ಲಿ ಹೋಗುವವರಿಗಿಂತ 41% ಕಡಿಮೆ ಕಂಡಿತು. ಆರೋಗ್ಯವಂತರೇ ಸೈಕಲ್ ಹತ್ತುತ್ತಾರೆ ಎಂಬ ಕಾರಣವೂ ಅದರೊಳಗೆ ಸೇರಿರಬಹುದು, ಆದ್ದರಿಂದ ಅಷ್ಟನ್ನೂ ಸೈಕಲ್‌ನ ಖಾತೆಗೆ ಹಾಕುವುದು ಬೇಡ. 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇನ್ನಷ್ಟು ಬಿಡಿಸಿ ಲೆಕ್ಕ ಹಾಕಿದರು. ಕಾರು ಬಿಟ್ಟು ಸೈಕಲ್ ಹಿಡಿದರೆ ವ್ಯಾಯಾಮದಿಂದ ಸರಾಸರಿ ಆಯುಸ್ಸಿಗೆ 3ರಿಂದ 14 ತಿಂಗಳು ಸೇರುತ್ತದೆ. ಅಪಘಾತದಿಂದ 5ರಿಂದ 9 ದಿನ ಕಳೆಯುತ್ತದೆ, ವಾಹನಗಳ ಹೊಗೆ ಕುಡಿಯುವುದರಿಂದ ಹೆಚ್ಚೆಂದರೆ 40 ದಿನ. ಅದು ಸುರಕ್ಷಿತ ಸೈಕಲ್ ಪಥಗಳಿರುವ ದೇಶದ ಲೆಕ್ಕ ಎಂಬುದು ನೆನಪಿರಲಿ. ಅಪಘಾತದ ನಷ್ಟವನ್ನು ಐದಾರು ಪಟ್ಟು ಹೆಚ್ಚಿಸಿಕೊಂಡರೂ ಸಾಮಾನ್ಯವಾಗಿ ಜಮೆಯೇ ಮೇಲಿರುತ್ತದೆ.

ಗುರಿಕಾರ

ಅಂಕಿ_ಅಂಶ ಸರ್, ನಿಮ್ಮ ಬರಹ ಗೌರವದಿಂದ ಓದಿದೆ. ಆದರೆ ಒಪ್ಪಲಾರೆ.

ನಾನು ಗುರಿ ಹೊಡೆಯುವ ಕ್ರೀಡೆಯಲ್ಲಿ ಇರುವವನು. ಆ 48,204ರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಅದು ಅತ್ಯಂತ ದುಃಖದ ವಿಷಯ, ಆದರೆ ಸಾಯಬೇಕೆಂದು ನಿಶ್ಚಯಿಸಿದವರನ್ನು ಬೀರುವಿನ ಬೀಗ ತಡೆಯುತ್ತದೆಯೇ? ಉಳಿದದ್ದರಲ್ಲಿ ಬಹುಪಾಲು ಕೊಲೆ. ಕೊಲೆಗಾರನ ಪಾಪವನ್ನು ನನ್ನಂಥವನ ಲೆಕ್ಕಕ್ಕೆ ಯಾಕೆ ಹಾಕಬೇಕು? ನನಗೆ ಅನ್ವಯಿಸುವುದು ಆಕಸ್ಮಿಕವಾಗಿ ಗುಂಡು ಹಾರಿದ ಸಾವುಗಳು ಮಾತ್ರ. 2021ರಲ್ಲಿ ಅಮೆರಿಕದಲ್ಲಿ ಅವು 549. ಸ್ಮಾಲ್ ಆರ್ಮ್ಸ್ ಸರ್ವೇ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ಅಂದಾಜಿಸಿದಂತೆ ಆ ದೇಶದ ನಾಗರಿಕರ ಬಳಿ 39.3 ಕೋಟಿ ಬಂದೂಕುಗಳಿವೆ. ಅಷ್ಟು ಬಂದೂಕುಗಳ ನಡುವೆ 549. ಸೈಕಲ್‌ನ ಅಷ್ಟೂ ಸಾವು ಆಕಸ್ಮಿಕವೇ, ಮತ್ತು ಅದು ಸಾವಿರದ ಆಸುಪಾಸು. ಆಕಸ್ಮಿಕವನ್ನು ಆಕಸ್ಮಿಕದ ಜೊತೆ ಹೋಲಿಸಿ ನೋಡಿ. ಆ ಸಹೋದ್ಯೋಗಿ ಹೇಳಿದ್ದರಲ್ಲಿ ತಪ್ಪೇನಿದೆ?

ರಾತ್ರಿಪಾಳಿ_ನರ್ಸ್

ಗುರಿಕಾರ ಅವರೇ, "ಸಾಯಬೇಕೆಂದು ನಿಶ್ಚಯಿಸಿದವರು" ಎನ್ನುವ ಮಾತಿಗೆ ನಾನು ಉತ್ತರ ಕೊಡಲೇಬೇಕು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿದವರ ಪಕ್ಕದಲ್ಲಿ ಕೂತು ಮಾತಾಡಿದ್ದೇನೆ. ನಿಶ್ಚಯ ಎನ್ನುವಂಥದ್ದು ಬಹಳ ಜನರಲ್ಲಿ ಇರುವುದೇ ಇಲ್ಲ. ಇರುವುದು ಒಂದು ಗಳಿಗೆ, ತಡೆಯಲಾಗದ ಸಂಕಟದ ಗಳಿಗೆ. ಅದು ದಾಟಿದರೆ ಮನುಷ್ಯ ಉಳಿಯುತ್ತಾನೆ. ಒಮ್ಮೆ ಪ್ರಯತ್ನಿಸಿ ಬದುಕುಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆಂದೂ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಬಂದೂಕು ಆ ಎರಡನೇ ಅವಕಾಶವನ್ನು ಕೊಡುವುದು ತೀರಾ ಅಪರೂಪ. ಅದಕ್ಕೇ ನಮ್ಮ ವಾರ್ಡಿಗೆ ಅಂಥವರು ಹೆಚ್ಚು ಬರುವುದಿಲ್ಲ.

ಬೀಗ ತಡೆಯುತ್ತದೆಯೇ ಅಂತ ಕೇಳಿದಿರಿ. ಇಸ್ರೇಲಿನ ಸೇನೆ 2006ರಲ್ಲಿ ಒಂದು ನಿಯಮ ತಂದಿತು: ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು. ಅದಾದ ಮೇಲೆ ಆ ಸೈನಿಕರ ಆತ್ಮಹತ್ಯೆಯ ಪ್ರಮಾಣ ಸುಮಾರು 40% ಇಳಿಯಿತು. ಇಳಿದದ್ದು ವಾರಾಂತ್ಯದ ಸಾವುಗಳು, ವಾರದ ದಿನಗಳದ್ದು ಹೆಚ್ಚೇನೂ ಬದಲಾಗಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸೈನಿಕ ಸೇವೆಯ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. 2003ರ ಸುಧಾರಣೆಯಲ್ಲಿ ಸೇನೆಯ ಗಾತ್ರವನ್ನು ಅರ್ಧಕ್ಕೆ ಇಳಿಸಿದಾಗ ಅನೇಕ ಮನೆಗಳಿಂದ ಬಂದೂಕು ಹೊರಹೋಯಿತು. ಸೇವೆಯ ವಯಸ್ಸಿನ ಗಂಡಸರಲ್ಲಿ ಆತ್ಮಹತ್ಯೆ ಇಳಿಯಿತು. ಬೇರೆ ದಾರಿ ಹುಡುಕಿಕೊಂಡವರು ಸ್ವಲ್ಪ ಜನ ಮಾತ್ರ.

ಹಾಗಾಗಿ ಆ 27,032ನ್ನು ಬದಿಗೆ ಸರಿಸಿ ಉಳಿದ 549ನ್ನು ಮಾತ್ರ ಎಣಿಸುವುದನ್ನು ನಾನು ಒಪ್ಪುವುದಿಲ್ಲ. ಆ ಜನ ಯಾರದೋ ಅಣ್ಣ, ಯಾರದೋ ಮಗಳು.

ಗುರಿಕಾರ

ನಿಮ್ಮ ಅನುಭವದ ಮುಂದೆ ನಾನು ವಾದ ಮಾಡಲಾರೆ ಮೇಡಂ. ಆದರೂ ಒಂದು ತರ್ಕದ ಪ್ರಶ್ನೆ ಉಳಿಯುತ್ತದೆ. ಸಾಯುವ ಯೋಚನೆ ಮೊದಲೇ ಇದ್ದವರು ಹೋಗಿ ಬಂದೂಕು ಕೊಂಡರೆ? ಆಗ ಬಂದೂಕಿನಿಂದ ಅಪಾಯ ಹುಟ್ಟಿತು ಅನ್ನುವುದು ಸರಿಯಲ್ಲ, ಅಪಾಯವೇ ಬಂದೂಕನ್ನು ಮನೆಗೆ ತಂದಿತು.

ಅಂಕಿ_ಅಂಶ

ಒಳ್ಳೆಯ ಪ್ರಶ್ನೆ, ಇದನ್ನು ಸಂಶೋಧಕರೂ ಕೇಳಿಕೊಂಡಿದ್ದಾರೆ. 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಕ್ಯಾಲಿಫೋರ್ನಿಯಾದ 2.63 ಕೋಟಿ ವಯಸ್ಕರನ್ನು ಹನ್ನೆರಡು ವರ್ಷ ಹಿಂಬಾಲಿಸಿದ ಅಧ್ಯಯನ ಬಂತು. ಕೈಬಂದೂಕು ಕೊಂಡ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಲ್ಲದವರಿಗಿಂತ ಸುಮಾರು 8 ಪಟ್ಟು. ಹೆಂಗಸರಲ್ಲಿ 35 ಪಟ್ಟು.

ನೀವು ಹೇಳಿದಂತೆ ಕೊಂಡ ತಕ್ಷಣದ ದಿನಗಳಲ್ಲಿ ಅಪಾಯ ಅತಿ ಹೆಚ್ಚು ಇತ್ತು, ಅಂಥ ಕೊಳ್ಳುವವರೂ ಇದ್ದಾರೆ ಎಂದಾಯಿತು. ಆದರೆ ಬಂದೂಕಿನ ಮಾಲೀಕರ ಈ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದದ್ದು ಕೊಂಡು ಒಂದು ವರ್ಷ ಕಳೆದ ಮೇಲೆ. ಕೊಳ್ಳುವಾಗ ಕಾರಣ ಬೇರೆಯೇ ಇದ್ದಿರಬಹುದು, ರಕ್ಷಣೆಯೋ ಹವ್ಯಾಸವೋ. ಇನ್ನೂ ಮುಖ್ಯ ಸಂಗತಿ, ಬೇರೆ ವಿಧಾನಗಳಿಂದ ಸಾಯುವ ಪ್ರಮಾಣ ಈ ಮಾಲೀಕರಲ್ಲಿ ಹೆಚ್ಚಿರಲಿಲ್ಲ. ಅವರು ಮೊದಲಿನಿಂದಲೇ ಹೆಚ್ಚು ನೊಂದವರಾಗಿದ್ದರೆ ಅಲ್ಲೂ ಅದು ಕಾಣಬೇಕಿತ್ತು.

ಭೌತ_ಪಾಠ

ಒಂದು ಚಿಕ್ಕ ಲೆಕ್ಕ. ಸವಾರ, ಸೈಕಲ್ ಸೇರಿ 90 ಕೆ.ಜಿ., ವೇಗ ಗಂಟೆಗೆ 20 ಕಿ.ಮೀ. ಚಲನ ಶಕ್ತಿ ಸುಮಾರು 1,400 ಜೂಲ್. ಒಂಬತ್ತು ಮಿ.ಮೀ. ಪಿಸ್ತೂಲಿನ ಗುಂಡಿನದ್ದು ಸುಮಾರು 500 ಜೂಲ್. ಶಕ್ತಿಯೊಂದನ್ನೇ ನೋಡಿದರೆ ಸೈಕಲ್ ಮುಂದು! ಆದರೆ ಗುಂಡು ತನ್ನ ಅಷ್ಟೂ ಶಕ್ತಿಯನ್ನು ಉಗುರಿನಷ್ಟು ಜಾಗದಲ್ಲಿ ಸುರಿಯುತ್ತದೆ, ಸೈಕಲ್ ಮೈಯೆಲ್ಲ ಹರಡುತ್ತದೆ, ಜೊತೆಗೆ ಬ್ರೇಕ್ ಹಾಕಲು ಸಮಯವಿರುತ್ತದೆ.

ಇನ್ನು 1,500 ಕೆ.ಜಿ. ಕಾರು ಗಂಟೆಗೆ 50 ಕಿ.ಮೀ.ನಲ್ಲಿ ಬಂದರೆ? ಸುಮಾರು 1,45,000 ಜೂಲ್. ಸೈಕಲ್ ಸವಾರನ ನೂರು ಪಟ್ಟು. "ಸೈಕಲ್‌ನ ಅಪಾಯ" ಎಂದು ನಾವು ಬರೆಯುತ್ತಿರುವ ಸಾವುಗಳಲ್ಲಿ ಬಹುಪಾಲು ಈ ಮೂರನೆಯವನಿಂದ ಬಂದದ್ದು. ಆ ಬಿಲ್ಲನ್ನು ಯಾರ ಹೆಸರಿಗೆ ಬರೆಯಬೇಕು ಎಂದು ಮೊದಲು ಕೇಳಬೇಕಲ್ಲವೇ?

ಸಂಜೆಗಾಳಿ

ಇಲ್ಲಿಯವರೆಗೆ ಎಲ್ಲರೂ ಸವಾರನ, ಬಂದೂಕುಧಾರಿಯ ಜೀವದ ಬಗ್ಗೆಯೇ ಬರೆದಿದ್ದೀರಿ. ಅವರ ಜೊತೆ ಒಂದೇ ಸೂರಿನಡಿ ಬದುಕುವವರ ಕಡೆಯಿಂದ ನಾನು ಬರೆಯುತ್ತೇನೆ.

ನನ್ನ ಗಂಡ ಸೈಕಲ್ ತುಳಿಯುತ್ತಾರೆ. ಅದರ ಖರ್ಚಿನಲ್ಲಿ ನನ್ನದೂ ಪಾಲಿದೆ. ಮಳೆಗಾಲದ ಕತ್ತಲಲ್ಲಿ ಅವರು ತಡವಾಗಿ ಬಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಹಿಂದೊಮ್ಮೆ ನಿಂತಿದ್ದ ಕಾರಿನ ಬಾಗಿಲು ಫಕ್ಕನೆ ತೆರೆದು ಬಿದ್ದು ಅವರ ಭುಜದ ಮೂಳೆ ಮುರಿದಾಗ ಸ್ನಾನ ಮಾಡಿಸಿದ್ದು, ಗುಂಡಿ ಹಾಕಿಕೊಟ್ಟದ್ದು ನಾನು. ಇದು ಯಾವ ಅಂಕಿಯಲ್ಲೂ ಬರುವುದಿಲ್ಲ. ಆದರೂ ಆ ಅಪಾಯವನ್ನು ಮೊದಲು ಹೊರುವವರು ಅವರೇ. ಅವರು ಸೈಕಲ್ ಹತ್ತಿದ್ದರಿಂದ ನಾನು ಸಾಯುವುದಿಲ್ಲ, ಮಕ್ಕಳು ಸಾಯುವುದಿಲ್ಲ.

ಬಂದೂಕು ಹಾಗಲ್ಲ. ಅದೇ ಕ್ಯಾಲಿಫೋರ್ನಿಯಾ ಸಂಶೋಧಕರ ತಂಡ 2022ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ತಮ್ಮ ಬಳಿ ಬಂದೂಕಿಲ್ಲ, ಆದರೆ ಕೈಬಂದೂಕು ಇರುವವರ ಜೊತೆ ವಾಸಿಸುತ್ತಾರೆ, ಅಂಥವರ ಬಗ್ಗೆ. ಬಂದೂಕಿಲ್ಲದ ಮನೆಯವರಿಗೆ ಹೋಲಿಸಿದರೆ ಅವರು ಕೊಲೆಯಾಗುವ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚು. ಗಂಡನಿಂದಲೋ ಸಂಗಾತಿಯಿಂದಲೋ ಗುಂಡೇಟು ತಿಂದು ಸಾಯುವ ಪ್ರಮಾಣ ಸುಮಾರು ಏಳು ಪಟ್ಟು. ಹಾಗೆ ಸಂಗಾತಿಯ ಗುಂಡಿಗೆ ಬಲಿಯಾದವರಲ್ಲಿ ನೂರಕ್ಕೆ 84 ಮಂದಿ ಹೆಂಗಸರು. ಆ ಪಿಸ್ತೂಲನ್ನು "ಮನೆಯವರ ರಕ್ಷಣೆಗೆ" ಎಂದೇ ತಂದಿರುತ್ತಾರೆ.

ಗುರಿಕಾರ ಅವರೇ, ನೀವು ಕೊಲೆಗಾರರಲ್ಲ, ನಿಮ್ಮ ಮೇಲೆ ನನಗೆ ಅನುಮಾನವೂ ಇಲ್ಲ. ಆದರೆ ಬಂದೂಕು ಮನೆಗೆ ಬರುವಾಗ ಮನೆಯಾಕೆಯ ಒಪ್ಪಿಗೆ ಕೇಳುವವರು ಎಷ್ಟು ಮಂದಿ? ಬೇಡ ಎಂದರೆ ಆ ಮಾತಿಗೆ ಬೆಲೆ ಎಷ್ಟು? ತನ್ನ ಜೀವದ ಅಪಾಯವನ್ನು ತಾನೇ ಹೊರುವುದು ಒಂದು, ಇನ್ನೊಬ್ಬರ ತಲೆ ಮೇಲೆ ಹೊರಿಸುವುದು ಇನ್ನೊಂದು. ಇವೆರಡನ್ನು ಒಂದೇ ಸಂಖ್ಯೆಯಲ್ಲಿ ಕೂಡಿಸಿಬಿಟ್ಟರೆ ನನ್ನಂಥವರು ಲೆಕ್ಕದಿಂದಲೇ ಮಾಯವಾಗುತ್ತೇವೆ.

ಎರಡು_ಚಕ್ರ

ಸಂಜೆಗಾಳಿ ಅಕ್ಕ, ಭುಜದ ಮೂಳೆಯ ಮಾತು ಮನಸ್ಸಿಗೆ ನಾಟಿತು. ಮನೆಯವರ ಆ ಖರ್ಚನ್ನೂ ಸೇರಿಸಿಯೇ ಮುಂದಿನದನ್ನು ಬರೆಯುತ್ತೇನೆ.

ಸಮಾಜದ ಲೆಕ್ಕಕ್ಕೆ ಬಂದರೆ ಇವೆರಡೂ ತದ್ವಿರುದ್ಧ ದಿಕ್ಕಿಗೆ ಹೋಗುತ್ತವೆ. 2003ರಲ್ಲಿ ಪ್ರಕಟವಾದ ಒಂದು ಹೆಸರಾಂತ ಲೇಖನ ಹಲವು ನಗರ, ದೇಶಗಳ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿತು. ರಸ್ತೆಯಲ್ಲಿ ಸೈಕಲ್ ಸವಾರರು ಎರಡು ಪಟ್ಟಾದರೆ ಪ್ರತಿಯೊಬ್ಬ ಸವಾರನ ಅಪಾಯ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂದು ಕಂಡಿತು. ಕಾರಣ ಅದೊಂದೇ ಅಲ್ಲ. ಸವಾರರು ಹೆಚ್ಚಾದ ಕಡೆ ಒಳ್ಳೆಯ ರಸ್ತೆ ಬರುತ್ತದೆ, ಒಳ್ಳೆಯ ರಸ್ತೆ ಬಂದ ಕಡೆ ಸವಾರರು ಹೆಚ್ಚುತ್ತಾರೆ. ಏನೇ ಇರಲಿ, ನಾನು ಸೈಕಲ್ ಹತ್ತಿದರೆ ಪಕ್ಕದ ಸವಾರನಿಗೆ ಅಷ್ಟರಮಟ್ಟಿಗೆ ಒಳ್ಳೆಯದು. ಬಂದೂಕಿನಲ್ಲಿ ಪಕ್ಕದವನು ಕೊಂಡರೆ ನನಗೂ ಬೇಕೆನಿಸುತ್ತದೆ. ನಾನು ಕೊಂಡರೆ ಆಚೆಯವನಿಗೂ ಬೇಕೆನಿಸುತ್ತದೆ. ಆ ಪೈಪೋಟಿಯಲ್ಲಿ ಯಾರಿಗೂ ಮೊದಲಿಗಿಂತ ಹೆಚ್ಚು ರಕ್ಷಣೆ ಸಿಗುವುದಿಲ್ಲ, ಕಳುವಾಗುವ ಬಂದೂಕುಗಳು ಮಾತ್ರ ಹೆಚ್ಚುತ್ತವೆ.

ನೆದರ್ಲೆಂಡ್ಸ್ ಹುಟ್ಟಿನಿಂದಲೇ ಸೈಕಲ್ ಸ್ವರ್ಗವಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬುದೇ ಆ ಚಳವಳಿಯ ಹೆಸರು. ಮೇಲಿಂದ ಪೆಟ್ರೋಲ್ ಸಿಗದ ತೈಲ ಬಿಕ್ಕಟ್ಟೂ ಬಂತು. ರಸ್ತೆಗಳನ್ನು ಮರುರೂಪಿಸಿದರು. 2022ರಲ್ಲಿ ಅಲ್ಲಿನ ಒಟ್ಟು ರಸ್ತೆ ಸಾವು 745. ಅದರಲ್ಲಿ 291 ಸೈಕಲ್ ಸವಾರರದ್ದು ಎಂಬುದನ್ನೂ ಹೇಳಬೇಕು. ಹೆಚ್ಚಿನವರು ವಯಸ್ಸಾದವರು, ಎಲೆಕ್ಟ್ರಿಕ್ ಸೈಕಲ್‌ನವರೂ ಇದ್ದಾರೆ. ಅಲ್ಲೂ ಕೆಲಸ ಮುಗಿದಿಲ್ಲ.

ಹಣದ ರೂಪದಲ್ಲೂ ಲೆಕ್ಕ ಹಾಕಿದವರಿದ್ದಾರೆ. 2019ರಲ್ಲಿ ಯೂರೋಪಿನ ಒಕ್ಕೂಟಕ್ಕೆ ಮಾಡಿದ ಅಂದಾಜಿನಲ್ಲಿ ಹೊಗೆ, ಸದ್ದು, ಅಪಘಾತ, ಆರೋಗ್ಯ ಎಲ್ಲವನ್ನೂ ಕೂಡಿ ಕಳೆದ ಮೇಲೆ, ಕಾರಿನಲ್ಲಿ ಹೋದ ಪ್ರತಿ ಕಿ.ಮೀ.ಗೆ ಸಮಾಜಕ್ಕೆ 0.11 ಯೂರೋ ನಷ್ಟ, ಸೈಕಲ್‌ನಲ್ಲಿ ಹೋದ ಪ್ರತಿ ಕಿ.ಮೀ.ಗೆ 0.18 ಯೂರೋ ಲಾಭ.

ಗುರಿಕಾರ

ಸೈಕಲ್‌ಗೆ ಜಮೆಯ ಪುಟ ಬರೆದಿರಿ. ಬಂದೂಕಿನ ಜಮೆ ಎಲ್ಲಿ? ಕಳ್ಳ ಬಾಗಿಲು ಒಡೆಯುವಾಗ ಪೊಲೀಸರು ಬರಲು ಗಂಟೆ ಬೇಕಾಗುವ ಜಾಗಗಳಿವೆ. ಬಂದೂಕಿದೆ ಎಂದು ಗೊತ್ತಾದರೇ ಓಡಿಹೋಗುವ ಕಳ್ಳರಿದ್ದಾರೆ. ಅಮೆರಿಕದಲ್ಲಿ ವರ್ಷಕ್ಕೆ 25 ಲಕ್ಷ ಬಾರಿ ಜನ ಬಂದೂಕಿನಿಂದ ತಮ್ಮನ್ನು ರಕ್ಷಿಸಿಕೊಂಡಿದ್ದಾರೆ ಎಂದು 1995ರ ಅಧ್ಯಯನವೊಂದು ಹೇಳಿದೆ. ಅದನ್ನು ಸೊನ್ನೆ ಎಂದು ಇಟ್ಟುಕೊಂಡರೆ ಯಾವ ತಕ್ಕಡಿಯೂ ಸರಿಯಾಗಿ ತೂಗದು. ಕಾಲು ಸೋತ ಮುದುಕರಿಗೆ, ಒಂಟಿ ಹೆಂಗಸಿಗೆ ಅದು ಕೊಡುವ ಧೈರ್ಯಕ್ಕೂ ಬೆಲೆ ಇಲ್ಲವೇ?

ಅಂಕಿ_ಅಂಶ

ಬೆಲೆ ಇದೆ, ಸೊನ್ನೆ ಅಲ್ಲ. ಆದರೆ ಆ 25 ಲಕ್ಷ ಹೇಗೆ ಬಂತು ನೋಡಿ. ಸುಮಾರು 5,000 ಜನರಿಗೆ ಫೋನ್ ಮಾಡಿ ಕೇಳಿದರು. ಕಳೆದ ವರ್ಷ ಹೌದು ಎಂದವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಅದನ್ನು ಇಡೀ ದೇಶಕ್ಕೆ ಗುಣಿಸಿದರು. ಅಪರೂಪದ ಘಟನೆಯನ್ನು ಹೀಗೆ ಕೇಳಿದಾಗ, ನೂರರಲ್ಲಿ ಒಬ್ಬರು ವರ್ಷ ಮರೆತು ಹಳೆಯದನ್ನು ಹೇಳಿದರೂ, ಜಗಳದಲ್ಲಿ ಬಂದೂಕು ತೋರಿಸಿದ್ದನ್ನೇ ರಕ್ಷಣೆ ಎಂದು ನಂಬಿದರೂ ಉತ್ತರ ಲಕ್ಷಗಟ್ಟಲೆ ಉಬ್ಬುತ್ತದೆ. ಅಲ್ಲಿನ ಸರ್ಕಾರದ ಅಪರಾಧ ಸಂತ್ರಸ್ತರ ಸಮೀಕ್ಷೆ ಮೊದಲು ಅಪರಾಧ ನಡೆಯಿತೇ ಎಂದು ಕೇಳಿ ಆಮೇಲೆ ಇದನ್ನು ಕೇಳುತ್ತದೆ. ಅದರ ಅಂದಾಜು ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನಿಜ ನಡುವೆ ಎಲ್ಲೋ ಇರಬಹುದು, ಕೆಳಗಿನದಕ್ಕೇ ಹತ್ತಿರ ಎಂದು ನನ್ನ ಅಭಿಪ್ರಾಯ. ಧೈರ್ಯ ನಿಜವಾದ ಅನುಭವ. ಆದರೆ ಮನೆಯೊಳಗಿನ ಅಪಾಯ ಹೆಚ್ಚಿರುವಾಗ ಆ ಧೈರ್ಯ ತಪ್ಪು ದಿಕ್ಕಿಗೆ ಕಾವಲು ಕೂರಿಸುತ್ತದೆ.

ಹೊಲದಂಚು

ಬೆಳೆ ಕಾಯಲು ಕೋವಿ ಇಟ್ಟವನು ನಾನು. ಕಾಡುಪ್ರಾಣಿ ಕಾಟ ಇರುವವರಿಗೆ ಅದು ಗುದ್ದಲಿ ಪಿಕಾಸಿಯಂತೆ ಒಂದು ಸಲಕರಣೆ, ಹಾಸಿಗೆ ಪಕ್ಕದ ಪಿಸ್ತೂಲಿಗೂ ಇದಕ್ಕೂ ಒಂದೇ ಲೆಕ್ಕ ಬೇಡ. ಆದರೆ ಕೋವಿ ಬೇರೆ, ತೋಟಾ ಬೇರೆ, ಎರಡಕ್ಕೂ ಬೀಗ ಬೇರೆ ಬೇರೆ. ಮಕ್ಕಳಿಗೆ ಕೀ ಎಲ್ಲಿದೆ ಗೊತ್ತಿಲ್ಲ ಅಂತ ದೊಡ್ಡವರು ಅಂದುಕೊಂಡಿರುತ್ತಾರೆ. ಅವಕ್ಕೆ ಗೊತ್ತಿರುತ್ತದೆ. ಕೀ ನನ್ನ ಸೊಂಟದಲ್ಲೇ ಇರುತ್ತದೆ.

ರಾತ್ರಿಪಾಳಿ_ನರ್ಸ್

ಹೊಲದಂಚು ಅಣ್ಣ, ನೀವು ಮಾಡುತ್ತಿರುವುದೇ ಸರಿ. 2020ರಿಂದ ಅಮೆರಿಕದಲ್ಲಿ 1ರಿಂದ 19 ವಯಸ್ಸಿನವರ ಸಾವಿಗೆ ಮೊದಲ ಕಾರಣ ಗುಂಡೇಟು, ವಾಹನ ಅಪಘಾತವನ್ನೂ ದಾಟಿದೆ. ಬಂದೂಕು ಖಾಲಿ ಮಾಡಿ, ಬೀಗ ಹಾಕಿ, ಗುಂಡನ್ನು ಬೇರೆಡೆ ಬೀಗದಲ್ಲಿ ಇಟ್ಟ ಮನೆಗಳಲ್ಲಿ ಮಕ್ಕಳ, ಹದಿಹರೆಯದವರ ಅಪಾಯ ಕಡಿಮೆ ಎಂದು 2005ರ ಅಧ್ಯಯನವೊಂದು ತೋರಿಸಿದೆ.

ಸೈಕಲ್‌ನವರಿಗೂ ಒಂದು ಮಾತು. ಲಾರಿ, ಬಸ್ಸು ತಿರುಗುವ ಬದಿಯಲ್ಲಿ ಎಂದೂ ನುಗ್ಗಬೇಡಿ, ಚಾಲಕನಿಗೆ ನೀವು ಕಾಣುವುದಿಲ್ಲ. ಹೆಲ್ಮೆಟ್ ತಲೆಯ ಗಾಯವನ್ನು ಕಡಿಮೆ ಮಾಡುತ್ತದೆ, ಆದರೆ ಲಾರಿಯನ್ನು ತಡೆಯುವುದಿಲ್ಲ. ಬೇರೆಯೇ ಪಥ ಬೇಕು ಎಂದು ಕೇಳುವುದನ್ನು ಬಿಡಬೇಡಿ.

ಕಾನೂನು_ಓದುಗ

ಖರ್ಚನ್ನು ಯಾರು ತೆರುತ್ತಾರೆ ಎಂಬುದರ ಬಗ್ಗೆ ಎರಡು ಮಾತು. ಕಾರಿಗೆ ವಿಮೆ ಕಡ್ಡಾಯ, ಏಕೆಂದರೆ ಅದು ಇತರರಿಗೆ ಹಾನಿ ಮಾಡಬಲ್ಲದು. ಬಂದೂಕಿಗೆ ಅಂಥ ವಿಮೆಯನ್ನು ಅಮೆರಿಕದಲ್ಲಿ ಕಡ್ಡಾಯ ಮಾಡಿದ ಮೊದಲ ನಗರ ಸ್ಯಾನ್ ಹೊಸೆ, ಅದೂ 2022ರಲ್ಲಿ. 2005ರ ಒಂದು ಫೆಡರಲ್ ಕಾನೂನು ಬಂದೂಕು ತಯಾರಕರನ್ನು ಬಹುತೇಕ ಪರಿಹಾರ ಮೊಕದ್ದಮೆಗಳಿಂದ ಕಾಪಾಡುತ್ತದೆ. ಸರ್ಕಾರದ ಸಂಶೋಧನಾ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಬಾರದು ಎಂದ 1996ರ ಡಿಕಿ ತಿದ್ದುಪಡಿಯಿಂದಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಬಂದೂಕಿನ ಸಾವುಗಳ ಸಂಶೋಧನೆಗೆ ಹೆಚ್ಚುಕಮ್ಮಿ ಹಣವನ್ನೇ ಕೊಡಲಿಲ್ಲ. 2020ರ ಆಯವ್ಯಯದಲ್ಲಿ ಮತ್ತೆ 2.5 ಕೋಟಿ ಡಾಲರ್ ಸಿಕ್ಕಿತು, ಎರಡು ಸಂಸ್ಥೆಗಳಿಗೆ ಹಂಚಿ. ಲೆಕ್ಕ ಹಾಕುವವರ ಕೈಯನ್ನೇ ಕಟ್ಟಿಹಾಕಿದ್ದು ನನಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಗುರಿಕಾರ

ಸಂಜೆಗಾಳಿ ಅವರ ಪ್ರಶ್ನೆಯನ್ನು ಮನೆಯಲ್ಲಿ ಓದಿ ಹೇಳಿದೆ. ಕ್ರೀಡೆಯನ್ನು ನಾನು ಬಿಡುವುದಿಲ್ಲ, ಬಿಡಬೇಕೆಂದೂ ನನಗೆ ಅನ್ನಿಸುವುದಿಲ್ಲ. ಆದರೆ ಕ್ರೀಡೆಗೆ ಬಂದೂಕು ಮನೆಯಲ್ಲೇ ಇರಬೇಕಿಲ್ಲ, ಅಭ್ಯಾಸ ನಡೆಯುವ ಕಡೆಯೇ ಲಾಕರ್ ಇದೆ. ನನ್ನಾಕೆಯೂ ಅದನ್ನೇ ಬಯಸುತ್ತಾಳೆ. ಇನ್ನೊಂದು ವಿಷಯ ಕೇಳಬೇಕಿತ್ತು. ಪರಿಚಯದ ಶೂಟರ್ ಒಬ್ಬರು ಇತ್ತೀಚೆಗೆ ಬಹಳ ಕುಗ್ಗಿದ್ದಾರೆ, ಒಂಟಿಯಾಗಿದ್ದಾರೆ. ಅವರ ಬಂದೂಕನ್ನು ನಾನು ಸ್ವಲ್ಪ ಕಾಲ ಇಟ್ಟುಕೊಳ್ಳಬಹುದೇ?

ಕಾನೂನು_ಓದುಗ

ಲೈಸೆನ್ಸ್ ಅವರ ಹೆಸರಲ್ಲಿದ್ದರೆ ನೇರವಾಗಿ ನಿಮ್ಮ ಬೀರುವಿಗೆ ತಂದಿಡಬೇಡಿ. ತಾತ್ಕಾಲಿಕವಾಗಿ ಕೈ ಬದಲಾಯಿಸುವುದಕ್ಕೂ ಒಂದೊಂದು ಕಡೆ ಒಂದೊಂದು ನಿಯಮ. ಕೆಲವೆಡೆ ಪೊಲೀಸ್ ಠಾಣೆಯಲ್ಲಿ, ಕೆಲವೆಡೆ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿ ಠೇವಣಿ ಇಡಲು ಅವಕಾಶವಿದೆ. ಮೊದಲು ಅಲ್ಲಿ ವಿಚಾರಿಸಿ, ಅವರ ಜೊತೆಗೇ ಹೋಗಿ.

ರಾತ್ರಿಪಾಳಿ_ನರ್ಸ್

ಅದನ್ನು ವಿಚಾರಿಸುವುದಕ್ಕೂ ಮೊದಲು ಇವತ್ತೇ ಅವರ ಮನೆಗೆ ಹೋಗಿ ಗುರಿಕಾರ ಅವರೇ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಒಬ್ಬರು ಸಿಕ್ಕರು ಎಂದು ಎಷ್ಟೋ ಜನಕ್ಕೆ ಹಗುರವಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ, ವೈದ್ಯರ ಬಳಿಗೆ ನೀವೇ ಕರೆದುಕೊಂಡು ಹೋಗಿ. ಹೋಗಿ ಬಂದು ಇಲ್ಲಿ ಬರೆಯಿರಿ, ಇವತ್ತು ನಾನು ಪಾಳಿಯಲ್ಲಿಲ್ಲ.